ದಾದಿಯ ಕೆಲಸ, ದಾದಿಯ ವೃತ್ತಿ

ಈಚೆಗೆ ಒಂದು ಸಂಜೆ ವಿದ್ಯಾಗಿರಿಯ ನಮ್ಮ ಓಣಿಯ ಗೃಹಸ್ಥರೊಬ್ಬರು ಮಡದಿಯನ್ನೂ ಮಗಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿ ವಿಜ್ಞಾನ ವಿಷಯ ತೆಗೆದುಕೊಂಡು ಪಿ.ಯು.ಸಿ. ಮುಗಿಸಿದವಳು. ಕುಳಿತವರು ಕುಶಲದ ಮಾತು ಮುಗಿಯುವ ಮೊದಲೇ ವಿಷಯಕ್ಕೆ ಬಂದರು.

“ಅಕ್ಕಾರ, ಇಕಿ ನರ್ಸಿಂಗ್ ಕಲೀತೀನಿ ಅಂತ ಹಟಾ ಹಿಡದಾಳ್ರಿ. ನೀವು ಮೂವತ್ತು ವರ್ಷ ಅದರಾಗ ದುಡದಾವ್ರು. ಖರೇ ಹೇಳ್ರಿ, ಮನಿತನಸ್ಥರ ಮಕ್ಕಳು ಮಾಡೋ ಕೆಲಸ ಏನ್ರಿ ಅದು? ಡಾಕ್ಟರಕಿ ಕಲೀತೀನಿ ಅಂದಿದ್ರ ಹೊಲಾ ಮಾರಿ ಕಲಸ್ತಿದ್ದೆ.”

ತಾಯಿಯ ಚಿಂತೆ ಬೇರೆ. ರಾತ್ರಿ ಪಾಳಿ, ಗೊತ್ತಿಲ್ಲದ ಗಂಡಸರ ಮೈ ಮುಟ್ಟುವ ಕೆಲಸ, ನಾಳೆ ಗಂಡಿನ ಕಡೆಯವರು ಏನೆಂದಾರು? ಹುಡುಗಿ ಮಾತ್ರ ಒಂದೂ ಮಾತಾಡದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅಂದು ಚಹಾ ಕೊಟ್ಟು, ಎರಡು ಸಮಾಧಾನದ ಮಾತು ಹೇಳಿ ಕಳಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ಆ ಒಂದು ಮನೆಯ ಪ್ರಶ್ನೆಯಲ್ಲ. ನಿಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಎದ್ದಿರಬಹುದು. ಆದ್ದರಿಂದ ಅಂದು ಅರ್ಧಕ್ಕೇ ಬಿಟ್ಟ ಉತ್ತರವನ್ನು ಇಂದು ನಿಮ್ಮೆದುರು ಸಾವಕಾಶವಾಗಿ ಹೇಳಬೇಕೆಂದಿದ್ದೇನೆ.

ನಮ್ಮ ನಡತೆಯಲ್ಲಿ ಒಂದು ವಿಚಿತ್ರವುಂಟು. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಒಳ್ಳೆಯ ಡಾಕ್ಟರು ಬೇಕು, ಹಾಗೆಯೇ ಒಳ್ಳೆಯ ದಾದಿಯೂ ಬೇಕು. “ಆ ಸಿಸ್ಟರ್ ದೇವರಂಗ ನೋಡಿದಳು” ಎಂದು ಊರೆಲ್ಲ ಹೇಳಿಕೊಂಡು ಬರುತ್ತೇವೆ. ಆದರೆ ಅದೇ ದೇವರ ಕೆಲಸಕ್ಕೆ ನಮ್ಮ ಮನೆಯ ಹುಡುಗಿ ಹೊರಟರೆ ಮುಖ ಸಣ್ಣದಾಗುತ್ತದೆ. ಇದಕ್ಕೆ ಕಾರಣ ನಾವು ಕೆಟ್ಟವರೆಂದಲ್ಲ. ದಾದಿಯ ಕೆಲಸವನ್ನು ಕಂಡಿದ್ದೇವೆ. ಆ ಕೆಲಸದ ಹಿಂದೆ ಒಂದು ವೃತ್ತಿಯಿದೆಯೆಂಬುದನ್ನು ಕಂಡಿಲ್ಲ.

ಕೆಲಸಕ್ಕೂ ವೃತ್ತಿಗೂ ಇರುವ ಅಂತರವೇನು? ನಮ್ಮ ಅಜ್ಜಿಯರೂ ತಾಯಂದಿರೂ ರೋಗಿಗಳ ಆರೈಕೆ ಮಾಡಿಲ್ಲವೆ? ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿ, ಗಂಜಿ ಕುಡಿಸಿ, ರಾತ್ರಿಯೆಲ್ಲ ಎದ್ದು ಕುಳಿತಿಲ್ಲವೆ? ಮಾಡಿದ್ದಾರೆ. ಆ ಮಮತೆಗೆ ಬೆಲೆ ಕಟ್ಟಲಾಗದು. ಆದರೆ ಮಮತೆ ತನ್ನವರನ್ನು ನೋಡುತ್ತದೆ. ದಾದಿಯಾದರೋ ಯಾರೆಂದು ಅರಿಯದವರನ್ನು ನೋಡಬೇಕು. ಸಿಟ್ಟಿನಿಂದ ಬೈಯುವವನನ್ನೂ, ಕುಡಿದು ಬಿದ್ದು ಬಂದವನನ್ನೂ, ಕೈದಿಯನ್ನೂ ಅದೇ ಎಚ್ಚರದಿಂದ ನೋಡಬೇಕು. ತಾಯಿ ಮೈ ಮುಟ್ಟಿ ‘ಸುಡಾಕತ್ತೈತಿ’ ಎನ್ನುತ್ತಾಳೆ. ದಾದಿ ಉಷ್ಣಮಾಪಕ ಇಟ್ಟು, ಎಷ್ಟು ಹೊತ್ತಿಗೆ ಎಷ್ಟು ಏರಿತು, ನಾಡಿ ಎಷ್ಟು, ಉಸಿರು ಎಷ್ಟು, ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಮೂತ್ರವಾಯಿತು ಎಂಬುದನ್ನು ಬರೆದಿಡುತ್ತಾಳೆ. ಆ ಬರಹದಿಂದ, ಬರಲಿರುವ ಕೇಡು ಬರುವ ಮೊದಲೇ ಕಾಣುತ್ತದೆ.

ವೃತ್ತಿಯೆನ್ನಿಸಿಕೊಳ್ಳಲು ನಾಲ್ಕು ಗುಣಗಳು ಬೇಕೆಂದು ನಾನು ನನ್ನ ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದೆ. ಒಂದು, ಕ್ರಮವಾಗಿ ಕಲಿತ ವಿದ್ಯೆ. ಎರಡು, ಕಲಿತಿದ್ದಾರೆಂಬುದಕ್ಕೆ ಕಾನೂನಿನ ನೋಂದಣಿ. ಮೂರು, ಸ್ವಂತ ವಿವೇಚನೆ. ನಾಲ್ಕು, ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಉತ್ತರ ಕೊಡುವ ಹೊಣೆ. ಮೊದಲಿನ ಎರಡು ಕಾಗದದ ಮೇಲೆ ಕಾಣುತ್ತವೆ. ಕೊನೆಯ ಎರಡು ಕಾಣುವದು ನಡುರಾತ್ರಿಯ ವಾರ್ಡಿನಲ್ಲಿ.

ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ನೀವೆಲ್ಲ ಶಾಲೆಯ ಪುಸ್ತಕದಲ್ಲಿ ಓದಿದ್ದೀರಿ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳಲು 38 ಜನ ಹೆಂಗಸರೊಡನೆ ಸ್ಕುಟಾರಿಯ ಆಸ್ಪತ್ರೆಗೆ ಹೋದವಳು. ದೀಪ ಹಿಡಿದು ರಾತ್ರಿ ಸುತ್ತುತ್ತಿದ್ದ ಅವಳ ಚಿತ್ರ ಎಲ್ಲರಿಗೂ ಪರಿಚಿತ. ಆದರೆ ಅವಳ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತೆಂಬುದನ್ನು ನಾವು ಮರೆತುಬಿಡುತ್ತೇವೆ. ಸಿಪಾಯಿಗಳು ಗುಂಡೇಟಿನಿಂದ ಸಾಯುತ್ತಿದ್ದುದಕ್ಕಿಂತ ಹೆಚ್ಚಾಗಿ ಕೊಳಕಿನಿಂದ ಹುಟ್ಟುವ ರೋಗಗಳಿಂದ ಸಾಯುತ್ತಿದ್ದರು. 1855ರಲ್ಲಿ ಆಸ್ಪತ್ರೆಯ ಕೆಳಗಿನ ಕೊಳಚೆ ಕಾಲುವೆಗಳನ್ನು ತೊಳೆಸಿ, ಗಾಳಿ ಆಡುವಂತೆ ಮಾಡಿದ ಮೇಲೆಯೇ ಸಾವುಗಳು ಇಳಿದವು. ಊರಿಗೆ ಮರಳಿದ ಮೇಲೆ ಅವಳು ಆ ಸಾವುಗಳ ಲೆಕ್ಕವನ್ನು ಬಣ್ಣದ ಚಿತ್ರವಾಗಿ ಬರೆದು ಸರಕಾರದ ಮುಂದಿಟ್ಟಳು. ಕರುಣೆಯೊಂದೇ ಸಾಲದೆಂಬ ಪಾಠವನ್ನು ಅವಳು ಕಲಿತದ್ದು ಹೀಗೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಾಲೆ ತೆರೆಯಿತು. ದಾದಿಯ ಕೆಲಸ ಕಲಿತು ಮಾಡಬೇಕಾದ ವಿದ್ಯೆಯೆಂದು ಜಗತ್ತು ಒಪ್ಪಿಕೊಂಡದ್ದು ಮುಖ್ಯವಾಗಿ ಅಲ್ಲಿಂದ ಮುಂದೆ.

ಕೈ ತೊಳೆಯುವದೂ ಒಂದು ವಿದ್ಯೆಯೆ ಎಂದು ನಗಬೇಡಿ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿಯರ ಸಾವು ಸರಾಸರಿ ನೂರಕ್ಕೆ ಹತ್ತರಷ್ಟು; ಸೂಲಗಿತ್ತಿಯರ ವಿಭಾಗದಲ್ಲಿ ಅದರ ಅರ್ಧಕ್ಕೂ ಕಡಿಮೆ. ವಿದ್ಯಾರ್ಥಿಗಳು ಹೆಣಗಳನ್ನು ಕೊಯ್ದ ಕೈಯಿಂದಲೇ ಬಾಣಂತಿಯರನ್ನು ಮುಟ್ಟುತ್ತಿದ್ದರು. ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವದನ್ನು ಕಡ್ಡಾಯ ಮಾಡಿದ ಕೂಡಲೆ ಆ ಸಾವುಗಳು ನೂರಕ್ಕೆ ಒಂದೆರಡಕ್ಕೆ ಇಳಿದವು. ಇಂದಿಗೂ ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಹೋಗುವಾಗ ದಾದಿ ಕೈ ತೊಳೆಯುತ್ತಾಳೆ. ಯಾರೂ ನೋಡದಾಗಲೂ ತೊಳೆಯುತ್ತಾಳೆಯೆ ಎಂಬುದೇ ಅವಳ ವೃತ್ತಿಯ ಪರೀಕ್ಷೆ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಒಂದೇ ಮಟ್ಟ ಇರಬೇಕೆಂದು 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯಾಯಿತು. ನಮ್ಮ ರಾಜ್ಯದಲ್ಲಿ ದಾದಿಯರ, ಸೂಲಗಿತ್ತಿಯರ ನೋಂದಣಿಗಾಗಿ 1961ರಲ್ಲಿ ಕಾಯಿದೆ ಬಂದಿತು. 2023ರಲ್ಲಿ ಸಂಸತ್ತು ಹಳೆಯ ಕೇಂದ್ರ ಕಾಯಿದೆಯ ಬದಲಿಗೆ ರಾಷ್ಟ್ರೀಯ ಆಯೋಗವೊಂದನ್ನು ಏರ್ಪಡಿಸುವ ಹೊಸ ಕಾಯಿದೆಯನ್ನು ಮಾಡಿತು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಓದು, ಜಿ.ಎನ್.ಎಂ. ಡಿಪ್ಲೊಮಾ ಮೂರು ವರ್ಷದ್ದು. ಶರೀರ ರಚನೆ, ಔಷಧ ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ, ಮಕ್ಕಳ ಆರೈಕೆ, ಮಾನಸಿಕ ರೋಗಿಗಳ ಆರೈಕೆ, ಹೆರಿಗೆ — ಇವೆಲ್ಲವನ್ನೂ ಪುಸ್ತಕದಲ್ಲಿಯೂ ವಾರ್ಡಿನಲ್ಲಿಯೂ ಕಲಿಯಬೇಕು.

ಇದಕ್ಕಾಗಿ ನಮ್ಮ ಮಕ್ಕಳು ಈಗ ದೂರ ಹೋಗಬೇಕಾಗಿಲ್ಲ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಸಂಸ್ಥೆಗಳಿಂದಲೇ ನಮ್ಮ ವಿದ್ಯಾಗಿರಿಗೆ ಆ ಹೆಸರು ಒಪ್ಪುತ್ತದೆ. 1963ರಲ್ಲಿ ಇಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗ ಹೋಗಿ ನವನಗರ ಎದ್ದ ಮೇಲೆ, 2002ರಲ್ಲಿ ಎಸ್. ನಿಜಲಿಂಗಪ್ಪನವರ ಹೆಸರಿನ ವೈದ್ಯಕೀಯ ಕಾಲೇಜು ತೆರೆಯಿತು. ಅದರ ಜೊತೆಗಿರುವ ಹಾನಗಲ್ಲ ಕುಮಾರೇಶ್ವರ ಆಸ್ಪತ್ರೆಗೆ ಬಾದಾಮಿ, ಹುನಗುಂದ, ಇಲಕಲ್ಲಿನ ಕಡೆಯ ಜನ ಬರುತ್ತಾರೆ. ಸಜ್ಜಲಶ್ರೀ ನರ್ಸಿಂಗ್ ಸಂಸ್ಥೆಯಲ್ಲಿ ಹುಡುಗಿಯರಷ್ಟೇ ಅಲ್ಲ, ಹುಡುಗರೂ ಈ ವಿದ್ಯೆ ಕಲಿಯುತ್ತಾರೆ. ನಾನು ‘ದಾದಿ’ ಎಂದಾಗಲೆಲ್ಲ ಆ ಹುಡುಗರನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆಂದು ತಿಳಿಯಿರಿ.

ಇನ್ನು ವಿವೇಚನೆ ಮತ್ತು ಹೊಣೆಯ ಮಾತು. ಇದನ್ನು ನನ್ನದೇ ಒಂದು ತಪ್ಪಿನಿಂದ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿ ಆಗ ವರ್ಷ ತುಂಬಿರಲಿಲ್ಲ. ರಾತ್ರಿ ಪಾಳಿ, ಹೆಂಗಸರ ವಾರ್ಡು, ಇದ್ದವರು ಇಬ್ಬರೇ ದಾದಿಯರು. ಔಷಧ ಕೊಡುವಾಗ ಐದು ವಿಷಯಗಳನ್ನು ನೋಡಬೇಕೆಂದು ನಮಗೆ ಕಲಿಸಿದ್ದರು: ರೋಗಿ ಸರಿಯೆ, ಔಷಧ ಸರಿಯೆ, ಪ್ರಮಾಣ ಸರಿಯೆ, ಕೊಡುವ ಮಾರ್ಗ ಸರಿಯೆ, ವೇಳೆ ಸರಿಯೆ. ನಾನು ನಾಲ್ಕನ್ನು ನೋಡಿ ಐದನೆಯದನ್ನು ಅವಸರದಲ್ಲಿ ಬಿಟ್ಟೆ. ನಮ್ಮ ಕಡೆ ಒಂದು ವಾರ್ಡಿನಲ್ಲಿ ಒಂದೇ ಹೆಸರಿನವರು ಮೂವರಿರುವದು ಅಪರೂಪವಲ್ಲ. ಊರ ದೇವರ ಹೆಸರು ಮನೆಗೊಬ್ಬರಿಗೆ ಇರುತ್ತದಷ್ಟೆ. ರಕ್ತದೊತ್ತಡ ಇಳಿಸುವ ಗುಳಿಗೆಯನ್ನು ಅದೇ ಹೆಸರಿನ ಇನ್ನೊಬ್ಬ ಮುದುಕಿಗೆ ನುಂಗಿಸಿಬಿಟ್ಟೆ. ಚೀಟಿಯನ್ನು ತಿರುಗಿ ನೋಡಿದಾಗ ನನ್ನ ಕೈಕಾಲು ತಣ್ಣಗಾದವು.

ನಾನು ತಪ್ಪು ಮಾಡಿದ್ದನ್ನು ಆ ವಾರ್ಡಿನಲ್ಲಿ ಯಾರೂ ನೋಡಿರಲಿಲ್ಲ. ಮುದುಕಿಗೆ ಓದು ಬರದು. ಸುಮ್ಮನಿದ್ದರೆ ಬೆಳಗಾಗುವ ಹೊತ್ತಿಗೆ ಎಲ್ಲ ಸರಿಹೋಗಬಹುದಿತ್ತು, ಹೋಗದೆಯೂ ಇರಬಹುದಿತ್ತು. ಐದು ನಿಮಿಷ ಆ ಚೀಟಿ ಹಿಡಿದು ನಿಂತೆ. ಆ ಐದು ನಿಮಿಷ ನನ್ನ ಮೂವತ್ತು ವರ್ಷಗಳಲ್ಲಿ ಎಲ್ಲಕ್ಕಿಂತ ಉದ್ದವಾದವು. ಆಮೇಲೆ ಹೋಗಿ ಡಾಕ್ಟರನ್ನು ಎಬ್ಬಿಸಿ ಹೇಳಿದೆ. ಮುದುಕಿಯನ್ನು ಕಾಲು ಎತ್ತರಿಸಿ ಮಲಗಿಸಿ, ಅವಳಿಗೂ ನಡೆದದ್ದನ್ನು ತಿಳಿಸಿ, ಕಾಲು ತಾಸಿಗೊಮ್ಮೆ ರಕ್ತದೊತ್ತಡ ನೋಡುತ್ತ ಬೆಳಗು ಮಾಡಿದೆ. ಒತ್ತಡ ಇಳಿಯಿತು, ಮತ್ತೆ ಏರಿತು. ನಸುಕಿನಲ್ಲಿ ಅವಳು ನನ್ನ ಕೈ ಹಿಡಿದು, “ತಂಗಿ, ರಾತ್ರಿಯೆಲ್ಲಾ ನಿದ್ದಿಗೆಟ್ಟಿ ನೋಡವಾ, ನೀನರ ಮಲಕೋ” ಎಂದಾಗ ನನಗೆ ತಡೆಯಲಾಗಲಿಲ್ಲ.

ಬೆಳಿಗ್ಗೆ ಮೇಟ್ರನ್ ನನ್ನನ್ನು ಕರೆದರು. ಕೆಲಸ ಹೋಯಿತೆಂದೇ ತಿಳಿದಿದ್ದೆ. ಅವರು ನಡೆದದ್ದನ್ನೆಲ್ಲ ನನ್ನ ಕೈಯಿಂದಲೇ ಬರೆಯಿಸಿದರು. ಕೊನೆಗೆ, “ಇನ್ನು ಮೇಲೆ ಹೆಸರನ್ನು ನೀ ಹೇಳಬ್ಯಾಡ, ರೋಗಿಯ ಬಾಯಿಂದ ಹೇಳಿಸು. ಆಮ್ಯಾಲ ನಂಬರ ನೋಡು” ಎಂದರು. ಮರುದಿನದಿಂದ ಇಡೀ ವಾರ್ಡಿಗೆ ಅದೇ ನಿಯಮವಾಯಿತು. ತಪ್ಪನ್ನು ಮುಚ್ಚಿಟ್ಟಿದ್ದರೆ ನಾನೊಬ್ಬಳು ಉಳಿಯುತ್ತಿದ್ದೆ. ಹೇಳಿದ್ದರಿಂದ ಮುಂದೆ ಬಂದ ರೋಗಿಗಳು ಉಳಿದರು. ವೃತ್ತಿಯ ಹೊಣೆಯೆಂದರೆ ಇಷ್ಟೆ: ಎಂದೂ ತಪ್ಪದವರು ನಮ್ಮಲ್ಲಿ ಯಾರೂ ಇಲ್ಲ, ತಪ್ಪಿದಾಗ ರೋಗಿಯ ಹಿತವನ್ನು ತನ್ನ ಮಾನಕ್ಕಿಂತ ಮುಂದಿಡುವವಳೇ ದಾದಿ.

ಹಾಗೆಯೇ ವಿವೇಚನೆ. ಡಾಕ್ಟರು ರೋಗಿಯನ್ನು ದಿನಕ್ಕೆ ಹತ್ತು ನಿಮಿಷ ನೋಡಬಹುದು. ದಾದಿಯರು ಹಗಲಿರುಳು ನೋಡುತ್ತಾರೆ. ಬರೆದ ಪ್ರಮಾಣ ಹೆಚ್ಚೆಂದು ಕಂಡರೆ “ಸರ್, ಇದನ್ನೊಮ್ಮೆ ನೋಡ್ರಿ” ಎಂದು ಕೇಳುವದು ಅವಳ ಉದ್ಧಟತನವಲ್ಲ, ಕರ್ತವ್ಯ. ಹಾಗೆಯೇ ಗುಟ್ಟು ಕಾಯುವದು. ನಮ್ಮಂಥ ಊರುಗಳಲ್ಲಿ ಇದು ಸುಲಭವಲ್ಲ. ಸಂತೆಯಲ್ಲಿ ಸಿಕ್ಕವರು, “ಅವರ ಸೊಸಿ ದವಾಖಾನ್ಯಾಗ ಇದ್ದಳಂತಲ್ಲ, ಏನ್ ಜಡ್ಡರಿ?” ಎಂದು ಕೇಳಿಯೇ ಕೇಳುತ್ತಾರೆ. ಬಂಧುವಾದರೂ ಸರಿ, ಗೆಳತಿಯಾದರೂ ಸರಿ, ಅಲ್ಲಿ ಬಾಯಿ ಕಟ್ಟಬೇಕು. 1899ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ದಾದಿಯರ ಮಂಡಳಿ 1953ರಲ್ಲಿ ಇಂಥ ಕಟ್ಟಳೆಗಳನ್ನು ಬರೆದು ಜಗತ್ತಿನ ದಾದಿಯರ ಮುಂದಿಟ್ಟಿತು.

ಇನ್ನು ಒಬ್ಬ ಕನ್ನಡ ಹೆಣ್ಣುಮಗಳ ಮಾತು ಹೇಳದೆ ಈ ವಿಷಯ ಪೂರ್ಣವಾಗದು. ಉತ್ತರ ಕನ್ನಡದ ಹೊನ್ನಾವರದ ಬಳಿಯ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು ಅರುಣಾ ಶಾನಭಾಗ. 1973ರ ನವೆಂಬರ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವಳ ಮೇಲೆ ಅತ್ಯಾಚಾರವೆಸಗಿ, ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದ. ಮೆದುಳಿಗೆ ಉಸಿರು ತಪ್ಪಿ ಅವಳು ಅರಿವಿಲ್ಲದ ಸ್ಥಿತಿಗೆ ಹೋದಳು. 2015ರ ಮೇ 18ರಂದು ನ್ಯೂಮೋನಿಯಾದಿಂದ ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಮೇಲೆ, ಅದೇ ಆಸ್ಪತ್ರೆಯಲ್ಲಿ ಹಾಸಿಗೆಯ ಮೇಲೆಯೇ ಇದ್ದಳು.

ಅಲುಗಾಡದೆ ಮಲಗಿದವರಿಗೆ ಮೈಭಾರ ಬೀಳುವ ಸೊಂಟ, ಹಿಮ್ಮಡಿಗಳ ಚರ್ಮಕ್ಕೆ ರಕ್ತ ಹರಿಯದೆ ಹಾಸಿಗೆ ಹುಣ್ಣಾಗುತ್ತದೆ. ಅದು ಆಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಮೈ ಒಣಗಿಸಿ, ಹೊದಿಕೆಯ ಸುಕ್ಕು ತೆಗೆಯಬೇಕು. ಹಾಸಿಗೆ ಹುಣ್ಣಾದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಆರೈಕೆಯದು ಎಂದು ನೈಟಿಂಗೇಲಳು ಎಂದೋ ಬರೆದಿದ್ದಳು. ಅರುಣಾಳ ಮೈಮೇಲೆ ಅಂಥ ಒಂದು ಹುಣ್ಣೂ ಆಗಲು ದಾದಿಯರು ಬಿಟ್ಟಿಲ್ಲವೆಂದು ಆಸ್ಪತ್ರೆಯವರು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿದರು. ದಿನಕ್ಕೆ ಹನ್ನೆರಡು ಸಲ ಮಗ್ಗುಲು ಎಂಬ ನಿಯಮದಂತೆ ಲೆಕ್ಕ ಹಾಕಿರಿ: ಅಷ್ಟು ವರ್ಷಗಳಲ್ಲಿ 1,80,000ಕ್ಕೂ ಹೆಚ್ಚು ಸಲವಾಗುತ್ತದೆ. ಮೊದಲು ನೋಡಿಕೊಂಡವರು ಅವಳ ಗೆಳತಿಯರು. ಕೊನೆಗೆ ನೋಡಿಕೊಂಡವರಲ್ಲಿ ಅನೇಕರು 1973ರಲ್ಲಿ ಹುಟ್ಟಿಯೂ ಇರಲಿಲ್ಲ. ಅವರಿಗೆ ಅವಳು ಸ್ನೇಹಿತೆಯಲ್ಲ, ಬಂಧುವಲ್ಲ. ಪಾಳಿಯಿಂದ ಪಾಳಿಗೆ ಕೈ ಬದಲಾಯಿಸಿದ ಒಂದು ಹೊಣೆ. ನಡುವೆ ಹಾಸಿಗೆ ತೆರವು ಮಾಡಲು ಅವಳನ್ನು ಬೇರೆಡೆಗೆ ಸಾಗಿಸುವ ಯತ್ನವಾದಾಗ ದಾದಿಯರು ಎದುರು ನಿಂತು ಅದನ್ನು ತಡೆದರು.

ಅವಳಿಗೆ ಆಹಾರ ಕೊಡುವದನ್ನು ನಿಲ್ಲಿಸಿ ಶಾಂತವಾಗಿ ಸಾಯಗೊಡಬೇಕೆಂದು ಲೇಖಕಿಯೊಬ್ಬರು ನ್ಯಾಯಾಲಯಕ್ಕೆ ಹೋದರು. 2011ರ ಮಾರ್ಚ್ 7ರಂದು ನ್ಯಾಯಾಲಯ ಆ ಅರ್ಜಿಯನ್ನು ಒಪ್ಪಲಿಲ್ಲ. ಗುಣವಾಗದವರ ಜೀವರಕ್ಷಕ ಉಪಚಾರವನ್ನು ಕೆಲವು ಕಟ್ಟುಪಾಡುಗಳೊಳಗೆ ನಿಲ್ಲಿಸಬಹುದೆಂಬ ಮಾರ್ಗವನ್ನು ಅದೇ ತೀರ್ಪು ದೇಶಕ್ಕೆ ತೋರಿಸಿತು. ಆದರೆ ಅರುಣಾಳ ಪರವಾಗಿ ಮಾತನಾಡುವ ಅಧಿಕಾರ ಅವಳನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದೆಂದು ಹೇಳಿತು. ಬದುಕಬೇಕಿತ್ತೆ, ಬಿಡಬೇಕಿತ್ತೆ ಎಂಬುದರಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ. ರಕ್ತಸಂಬಂಧವಿಲ್ಲದ ದಾದಿಯರನ್ನು ದೇಶದ ಅತಿ ದೊಡ್ಡ ನ್ಯಾಯಾಲಯ ಒಬ್ಬಳ ಹತ್ತಿರದವರೆಂದು ಎಣಿಸಿತಲ್ಲ, ಅದನ್ನು ಮರೆಯಬೇಡಿ.

ಇದೇ ಕತೆಗೆ ಇನ್ನೊಂದು ಮುಖವೂ ಉಂಟು. ಆ ಘಟನೆಯಾದ ಕೂಡಲೆ ಮುಂಬಯಿಯ ದಾದಿಯರು ಕೆಲಸ ನಿಲ್ಲಿಸಿ ತಮಗೆ ರಕ್ಷಣೆ ಬೇಕೆಂದು ಕೇಳಿದರು. ‘ತ್ಯಾಗಮೂರ್ತಿ’ ಎಂದು ಹೊಗಳಿ ಕೈ ತೊಳೆದುಕೊಳ್ಳುವ ನಮಗೆ ಇದು ಪಾಠ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ರಾತ್ರಿ ಹೋಗಿಬರಲು ವಾಹನ, ದುಡಿಮೆಗೆ ತಕ್ಕ ಸಂಬಳ, ಒಬ್ಬಳ ಮೇಲೆ ಬೀಳುವ ರೋಗಿಗಳ ಸಂಖ್ಯೆಗೆ ಒಂದು ಮಿತಿ — ಇವು ಭಿಕ್ಷೆಯಲ್ಲ. ನಲವತ್ತು ಹಾಸಿಗೆಗೆ ಇಬ್ಬರನ್ನು ನಿಲ್ಲಿಸಿ, ತಪ್ಪಾದಾಗ ಒಬ್ಬಳನ್ನು ಬೈದರೆ ರೋಗಿಗೆ ಏನು ಲಾಭ? ನೈಟಿಂಗೇಲಳು ಹುಟ್ಟಿ ಇನ್ನೂರು ವರ್ಷವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2020ನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತು. ಆ ವರ್ಷವೇ ಕೋವಿಡ್ ಬಂದಿತು. ಚಪ್ಪಾಳೆ ತಟ್ಟಿದ ನಾವೇ, ಪಾಳಿ ಮುಗಿಸಿ ಬಂದ ದಾದಿಗೆ ಬಾಡಿಗೆಯ ಮನೆ ಬಿಡೆಂದ ಮಾತುಗಳನ್ನೂ ಕೇಳಿದೆವು.

ನಿಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದಾಗ ನೀವು ಮಾಡಬಹುದಾದದ್ದೂ ಕೆಲವುಂಟು. ದಾದಿ ಮೂರು ಸಲ ಹೆಸರು ಕೇಳಿದರೆ ಬೇಸರಪಡಬೇಡಿ. ಏಕೆ ಕೇಳುತ್ತಾಳೆಂದು ಈಗ ನಿಮಗೆ ಗೊತ್ತು. ಇದು ಯಾವ ಔಷಧ ಎಂದು ನೀವೂ ಕೇಳಿರಿ; ಒಳ್ಳೆಯ ದಾದಿ ಅದಕ್ಕೆ ಸಿಟ್ಟಾಗುವದಿಲ್ಲ. ಮಂಚದ ಸುತ್ತ ಹತ್ತು ಜನ ಕೂಡಬೇಡಿ. ಗುಟ್ಟಾಗಿ ಕೈಗೆ ನೋಟು ತುರುಕಬೇಡಿ. ಅದು ಕೊಟ್ಟವರನ್ನೂ ಪಡೆದವರನ್ನೂ ಸಣ್ಣವರನ್ನಾಗಿ ಮಾಡುತ್ತದೆ.

ಮೊನ್ನೆ ಆ ಗೃಹಸ್ಥರು ಮತ್ತೆ ಸಿಕ್ಕಿದ್ದರು. ನಾನು ಹೇಳಿದ್ದು ಇಷ್ಟು: “ಮೊದಲು ಕಾಲೇಜಿಗೆ ಮಾನ್ಯತಾ ಐತೇನು, ಅಲ್ಲಿ ಕಲಿಯೂದಕ್ಕ ಖರೇ ಖರೇ ರೋಗಿಗಳಿರೋ ಆಸ್ಪತ್ರಿ ಐತೇನು, ನೋಡ್ರಿ. ಮನಿತನದ ಮಾತು ಆಮ್ಯಾಲ. ರಾತ್ರಿ ಪಾಳಿಗೆ ಡಾಕ್ಟರಕಿನೂ ಹೋಗ್ತಾಳ. ಆಕಿನ್ನ ಯಾರೂ ಹಂಗ ಕೇಳಂಗಿಲ್ಲ.” ಬಳಿಕ ಹುಡುಗಿಯನ್ನು ಕೇಳಿದೆ: “ನಿನಗ ಕರುಣಾ ಐತೇನು ಅಂತ ನಾ ಕೇಳೂದಿಲ್ಲವಾ. ಯಾರೂ ನೋಡದಾಗ ತಪ್ಪು ಮಾಡಿದರ, ಹೋಗಿ ಹೇಳ್ತೀಯೇನು?”

ಅವಳು ಕೂಡಲೆ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, “ಅಂಜಿಕಿ ಆಗ್ತೈತ್ರಿ. ಆದ್ರ ಹೇಳ್ತೀನ್ರಿ” ಎಂದಳು.

ಅಂಜಿಕೆಯಾಗುತ್ತದೆಂದು ಒಪ್ಪಿಕೊಂಡಳಲ್ಲ, ಅದರಿಂದಲೇ ನನಗೆ ಅವಳ ಮಾತಿನ ಮೇಲೆ ನಂಬಿಕೆ ಹುಟ್ಟಿತು. ತಂದೆ ಏನೂ ಅನ್ನಲಿಲ್ಲ. ಅರ್ಜಿಯ ಕೊನೆಯ ದಿನ ಯಾವುದೆಂದು ಮಾತ್ರ ಕೇಳಿದರು.